ಡ್ರಾಯಿಂಗ್ ತರಗತಿ ನಮಗೆ ಕಲಿಸಿದ್ದು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕಿನ ಮೂವರು ವಿದ್ಯಾರ್ಥಿನಿಯರು ಸೇರಿ ಬರೆದು ಓದಿದ ಭಾಷಣ)





ನಾವು ಮೂವರು. ಒಬ್ಬಳು ಶಿರಸಿಯವಳು, ಒಬ್ಬಳು ಸಿದ್ದಾಪುರದವಳು, ಇನ್ನೊಬ್ಬಳು ಯಲ್ಲಾಪುರದವಳು. ಈ ಟ್ರಸ್ಟಿನ ನೆರವಿನಿಂದ ಡಿಪ್ಲೊಮಾ ಓದುತ್ತಿದ್ದೇವೆ. ಇಬ್ಬರು ಸಿವಿಲ್, ಒಬ್ಬಳು ಮೆಕ್ಯಾನಿಕಲ್. ಹಾಸ್ಟೆಲಿನಲ್ಲಿ ಮೂವರದ್ದೂ ಒಂದೇ ಕೋಣೆ. ಈ ಮಾತುಗಳನ್ನು ಮೂವರೂ ಕೂತು ಬರೆದಿದ್ದೇವೆ. ಓದುವವಳು ಒಬ್ಬಳು, ಹೇಳುವವರು ಮೂವರು ಎಂದು ತಿಳಿಯಬೇಕು.

ಟ್ರಸ್ಟಿನ ಹಣ ನಿಮಗೆ ಹೇಗೆ ಉಪಯೋಗವಾಯಿತು, ಹತ್ತು ನಿಮಿಷ ಹೇಳಿ ಎಂದು ಸಮಿತಿಯವರು ಸೂಚಿಸಿದ್ದರು. ಅಂಕಪಟ್ಟಿ ಓದಿ ಕೂತುಬಿಡಬಹುದಿತ್ತು. ಆದರೆ ನಮ್ಮನ್ನು ಬದಲಿಸಿದ್ದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಮೊದಲ ವರ್ಷದ ಒಂದೇ ಒಂದು ತರಗತಿಯಲ್ಲಿ ಆಯಿತು. ಆ ತರಗತಿ ಎಂಜಿನಿಯರಿಂಗ್ ಡ್ರಾಯಿಂಗ್. ಅದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಇಂದು ನಿಮ್ಮ ಮುಂದೆ ಹೇಳಲಿದ್ದೇವೆ. ಜಕಾತ್, ಸದಕಾ ಕೊಟ್ಟವರು ಎದುರಿಗೆ ಕೂತಿರುವಾಗ ಬರೀ ಒಳ್ಳೆಯದನ್ನೇ ಹೇಳಿ ಹೋಗುವುದು ಸರಿ ಅನ್ನಿಸಲಿಲ್ಲ.

ನಾವು ಡ್ರಾಯಿಂಗ್ ಕಲಿಯುತ್ತೇವೆ ಎಂದಾಗ ನಮ್ಮ ಮನೆಗಳಲ್ಲಿ ಮೊದಲು ಬಂದ ಪ್ರಶ್ನೆ, "ಅದೇನು, ಚಿತ್ರ ಬಿಡಿಸುವುದಾ? ಅದಕ್ಕೆ ಕಾಲೇಜು ಯಾಕೆ?" ಎಂದು. ಒಬ್ಬರ ದಾದಿಯಂತೂ, "ಮನುಷ್ಯರ ಮುಖ ಬರೆಯಬೇಡ ಬೇಟಿ" ಎಂದು ಹೇಳಿಯೇ ಕಳಿಸಿದರು. ಈ ಡ್ರಾಯಿಂಗಿನಲ್ಲಿ ಮುಖ ಬರುವುದಿಲ್ಲ. ಮನೆ, ಯಂತ್ರ, ಸೇತುವೆ, ನಲ್ಲಿಯ ಪೈಪು, ಯಾವುದನ್ನೇ ಮಾಡುವ ಮೊದಲು ಅದು ಹೇಗಿರಬೇಕೆಂದು ಅಳತೆ ಸಮೇತ ಕಾಗದದ ಮೇಲೆ ತೋರಿಸುವ ವಿದ್ಯೆ ಇದು. ಬರೆದವರು ಪಕ್ಕದಲ್ಲಿ ಇಲ್ಲದಿದ್ದರೂ ಕಾಗದ ನೋಡಿ ಕೆಲಸದವರು ವಸ್ತುವನ್ನು ಮಾಡಬೇಕು.

ಇದು ನಮ್ಮವರಿಗೆ ಹೊಸದೂ ಅಲ್ಲ. ಅಲ್ ಜಝರಿ ಎಂಬ ಕುಶಲಕರ್ಮಿ 1206ರಲ್ಲಿ, ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ, ನೀರೆತ್ತುವ ಯಂತ್ರ, ನೀರಿನ ಗಡಿಯಾರ ಮುಂತಾದವುಗಳ ಬಗ್ಗೆ ಒಂದು ಗ್ರಂಥ ಮುಗಿಸಿದ. ಬರೀ ವರ್ಣನೆ ಬರೆಯಲಿಲ್ಲ; ಯಂತ್ರಗಳ ಚಿತ್ರ ಬರೆದು, ಭಾಗಗಳಿಗೆ ಅರಬ್ಬಿ ಅಕ್ಷರಗಳ ಗುರುತು ಹಾಕಿದ. ಮುಂದೆ ಬರುವ ಕಸುಬಿನವರು ಅದನ್ನು ನೋಡಿ ಯಂತ್ರವನ್ನು ಮತ್ತೆ ಕಟ್ಟಲಿ ಎಂಬುದು ಅವನ ಉದ್ದೇಶ. ನಮ್ಮ ರಾಜ್ಯದ ವಿಜಯಪುರದ ಗೋಲ್ ಗುಂಬಜ್ ನೋಡಿ. ಚೌಕದ ಗೋಡೆಯ ಮೇಲೆ ಅಷ್ಟು ದೊಡ್ಡ ದುಂಡು ಗುಮ್ಮಟ ನಿಂತದ್ದು ಹೇಗೆ? ಒಂದು ಚೌಕ ಬರೆಯಿರಿ. ಅದರ ಮೇಲೆ ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳನ್ನು ಆ ಲೆಕ್ಕದಲ್ಲೇ ಎಬ್ಬಿಸಿ ಚೌಕವನ್ನು ದುಂಡಿಗೆ ತಂದಿದ್ದಾರೆ. ನಮ್ಮ ಪೆಟ್ಟಿಗೆಯಲ್ಲಿರುವ 45 ಡಿಗ್ರಿಯ ಸೆಟ್ ಸ್ಕ್ವೇರಿನಿಂದಲೇ ಆ ನಕ್ಷತ್ರ ಬರೆಯಬಹುದು ಎಂದು ತಿಳಿದ ದಿನ ನಮಗೆ ಆದ ಖುಷಿ ಹೇಳತೀರದು. ಕಿಬ್ಲಾದ ದಿಕ್ಕೂ ಹಾಗೆಯೇ. ನಮ್ಮ ತಾಲೂಕುಗಳಿಂದ ಅದು ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಸುಮಾರು 17 ಡಿಗ್ರಿ ಉತ್ತರಕ್ಕೆ ವಾಲುತ್ತದೆ. ಮಸೀದಿಯ ಪಾಯ ಹಾಕುವ ದಿನ ಯಾರೋ ಒಬ್ಬರು ಆ ಕೋನವನ್ನು ನೆಲದ ಮೇಲೆ ಗೆರೆ ಎಳೆದು ತೋರಿಸಿರಲೇಬೇಕು.

ಆದರೆ ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಮೊದಲ ತಿಂಗಳು ಬರೀ ಕಷ್ಟ.

ಕನ್ನಡ ಮಾಧ್ಯಮದಿಂದ, ಉರ್ದು ಶಾಲೆಯಿಂದ ಬಂದವರು ನಾವು. ಮೊದಲ ಕಂತಿನ ಹಣದಲ್ಲಿ ಒಂದೊಂದು ಮಿನಿ ಡ್ರಾಫ್ಟರ್, ಕಂಪಾಸ್ ಪೆಟ್ಟಿಗೆ, ಎಚ್ ಮತ್ತು ಟು ಎಚ್ ಪೆನ್ಸಿಲ್, ಶೀಟುಗಳನ್ನು ಕೊಂಡೆವು. ಡ್ರಾಫ್ಟರನ್ನು ಬೋರ್ಡಿಗೆ ಹೇಗೆ ಬಿಗಿಯಬೇಕೆಂದು ಗೊತ್ತಿರಲಿಲ್ಲ. ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ರಜೆಗೆ ಊರಿಗೆ ತಂದ ಶೀಟು ಬಸ್ಸಿನಲ್ಲಿ ಥಂಡಿ ಹಿಡಿದು ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಅದರ ಮೇಲೆ ಪೆನ್ಸಿಲ್ ಇಟ್ಟರೆ ಗೆರೆ ಬೀಳುತ್ತಿರಲಿಲ್ಲ, ಕಾಗದ ಹರಿಯುತ್ತಿತ್ತು.

ಎಲ್ಲಕ್ಕಿಂತ ಕಷ್ಟ ಪ್ರೊಜೆಕ್ಷನ್ನಿನದ್ದು. ಒಂದು ವಸ್ತುವನ್ನು ಕೋಣೆಯ ನಡುವೆ ನೇತುಹಾಕಿದ್ದೀರಿ ಎಂದುಕೊಳ್ಳಿ. ಎದುರಿನಿಂದ ನೋಡಿ ಹಿಂದಿನ ಗೋಡೆಯ ಮೇಲೆ ಅದರ ಆಕಾರ ಬರೆಯಬೇಕು. ಮೇಲಿನಿಂದ ನೋಡಿ ನೆಲದ ಮೇಲೆ ಬರೆಯಬೇಕು. ಆಮೇಲೆ ನೆಲವನ್ನು ಬಾಗಿಲಿನ ಹಾಗೆ ಕೆಳಕ್ಕೆ ಮಡಚಿ ಗೋಡೆಗೆ ನೇರ ಮಾಡಬೇಕು. ಹೀಗಾಗಿ ಎದುರಿನ ನೋಟ ಮೇಲೆ, ಮೇಲಿನ ನೋಟ ಕೆಳಗೆ ಬರುತ್ತದೆ. ನಮ್ಮ ದೇಶದಲ್ಲಿ ಕಲಿಸುವ ಪದ್ಧತಿ ಇದು. ಅಮೆರಿಕದಲ್ಲಿ ಇದರ ತಿರುವುಮುರುವು. ಈ ಶಾಸ್ತ್ರವನ್ನು ವ್ಯವಸ್ಥಿತವಾಗಿ ರೂಪಿಸಿದವನು ಫ್ರಾನ್ಸಿನ ಗ್ಯಾಸ್ಪಾರ್ ಮೋಂಜ್. ಕೋಟೆ ಕಟ್ಟಲು ಉಪಯೋಗಕ್ಕೆ ಬಂದದ್ದರಿಂದ ಅವನ ಸೈನಿಕ ಶಾಲೆಯವರು ಇದನ್ನು ಬಹಳ ವರ್ಷ ಗುಟ್ಟಾಗಿ ಇಟ್ಟಿದ್ದರು. 1795ರಲ್ಲಿ ಪ್ಯಾರಿಸಿನಲ್ಲಿ ಅವನು ಬಹಿರಂಗವಾಗಿ ಪಾಠ ಹೇಳಿದ ಮೇಲೆ ಎಲ್ಲರಿಗೂ ಸಿಕ್ಕಿತು. ಒಂದು ಕಾಲದಲ್ಲಿ ರಾಜರ ಗುಟ್ಟಾಗಿದ್ದ ವಿದ್ಯೆ ಇಂದು ಬಡಗಿಯ ಮಗಳಿಗೆ, ದರ್ಜಿಯ ಮಗಳಿಗೆ, ಗ್ಯಾರೇಜಿನವರ ಮಗಳಿಗೆ ಸಿಗುತ್ತಿದೆ. ಅದು ಸಿಕ್ಕಾಗ ನಾವು ಮಾಡಿದ್ದೇನು ಎಂಬುದನ್ನು ಈಗ ಹೇಳುತ್ತೇವೆ.

ಹಾಸ್ಟೆಲುಗಳಲ್ಲಿ ಜಿ.ಟಿ. ಎಂಬ ಮಾತಿದೆ. ಗ್ಲಾಸ್ ಟ್ರೇಸಿಂಗ್. ಎರಡು ಕುರ್ಚಿಗಳ ನಡುವೆ ಗಾಜಿನ ಹಲಗೆ ಇಟ್ಟು, ಕೆಳಗೆ ಬಲ್ಬು ಉರಿಸಿ, ಇನ್ನೊಬ್ಬರ ಶೀಟಿನ ಮೇಲೆ ನಮ್ಮ ಖಾಲಿ ಶೀಟು ಇಟ್ಟರೆ ಕೆಳಗಿನ ಗೆರೆಗಳೆಲ್ಲ ಕಾಣುತ್ತವೆ. ಅವುಗಳ ಮೇಲೆ ಪೆನ್ಸಿಲ್ ಓಡಿಸಿದರೆ ಮೂರು ಗಂಟೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಸಿದ್ದಾಪುರದವಳಿಗೆ ಪ್ರೊಜೆಕ್ಷನ್ ಅರ್ಥವಾಗಿರಲಿಲ್ಲ. ತರಗತಿಯಲ್ಲಿ ಎದ್ದು ಕೇಳಲು ನಾಚಿಕೆ. ಉಳಿದ ಇಬ್ಬರು ನಾವು ನಮ್ಮ ಶೀಟುಗಳನ್ನು ಕೊಟ್ಟೆವು. ಗೆಳತಿಗೆ ಸಹಾಯ ಮಾಡುತ್ತಿದ್ದೇವೆ ಎಂದೇ ತಿಳಿದಿದ್ದೆವು. ಅವಳ ಶೀಟುಗಳಿಗೆ ಒಳ್ಳೆಯ ಅಂಕ ಬಂದವು. ನಿಜ ಹೇಳಬೇಕೆಂದರೆ, ಕೆಲವು ಶೀಟುಗಳನ್ನು ನಾವಿಬ್ಬರೂ ಬೇರೆಯವರಿಂದ ಹಾಗೆಯೇ ಇಳಿಸಿಕೊಂಡಿದ್ದೆವು.

ಪರೀಕ್ಷೆಯ ಕೋಣೆಯಲ್ಲಿ ಗಾಜೂ ಇರಲಿಲ್ಲ, ಬಲ್ಬೂ ಇರಲಿಲ್ಲ. ನಾವಿಬ್ಬರು ಅಂಚಿನಲ್ಲಿ ಪಾಸಾದೆವು. ಅವಳು ಫೇಲಾದಳು.

ಟ್ರಸ್ಟಿನ ನಿಯಮದಂತೆ ನವೀಕರಣಕ್ಕೆ ಎಲ್ಲ ವಿಷಯಗಳಲ್ಲೂ ಉತ್ತೀರ್ಣರಾಗಿರಬೇಕು. ಅವಳು ಅಂಕಪಟ್ಟಿಯನ್ನು ಅಬ್ಬಾನಿಗೆ ತೋರಿಸಲಿಲ್ಲ, ಟ್ರಸ್ಟಿಗೂ ಕಳಿಸಲಿಲ್ಲ. ಮೂರು ವಾರ ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದಳು. ಅದೇ ಹೊತ್ತಿಗೆ ಮನೆಯಲ್ಲಿ ಒಂದು ಮದುವೆ ಪ್ರಸ್ತಾಪ ಬಂದಿತ್ತು. "ಓದು ನನ್ನಿಂದ ಆಗುವುದಿಲ್ಲ, ಒಪ್ಪಿಬಿಡುತ್ತೇನೆ" ಎಂದು ಒಂದು ರಾತ್ರಿ ನಮಗೆ ಹೇಳಿದಳು. ಆ ರಾತ್ರಿ ಮೂವರಿಗೂ ನಿದ್ದೆ ಬರಲಿಲ್ಲ. ಅವಳು ಫೇಲಾದದ್ದರಲ್ಲಿ ನಮ್ಮ ಶೀಟುಗಳ ಪಾಲೂ ಇತ್ತು. ಅಷ್ಟೇ ಅಲ್ಲ, ಆ ಶೀಟು, ಆ ಪೆನ್ಸಿಲ್ ಕೊಂಡದ್ದು ಯಾರೋ ಜಕಾತಿನಲ್ಲಿ ತೆಗೆದಿಟ್ಟ ಹಣದಿಂದ. ಅಮಾನತ್ ಎಂದು ಕೊಟ್ಟದ್ದನ್ನು ನಾವು ನಕಲು ಮಾಡಲು ಬಳಸಿದ್ದೆವು.

ಮರುದಿನ ಮೂವರೂ ಡ್ರಾಯಿಂಗ್ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆವು. ಬೈಯುತ್ತಾರೆ ಎಂದುಕೊಂಡಿದ್ದೆವು. ಮೇಡಂ, "ನನಗೆ ಗೊತ್ತಿತ್ತು. ಟ್ರೇಸ್ ಮಾಡಿದ ಶೀಟಿನಲ್ಲಿ ರಬ್ಬರಿನ ಗುರುತೇ ಇರುವುದಿಲ್ಲ. ಕಲಿಯುವವರ ಶೀಟು ಅಷ್ಟು ಸ್ವಚ್ಛ ಇರಲು ಸಾಧ್ಯವೇ?" ಎಂದರು. ಆಮೇಲೆ ಒಂದು ಕರಾರು ಹಾಕಿದರು. ಪ್ರತಿ ಶನಿವಾರ ಮಧ್ಯಾಹ್ನ ಒಂದು ಶೀಟು ಅವರ ಎದುರಿಗೆ ಬರೆಯಬೇಕು. ತಪ್ಪಾದ ಗೆರೆಯನ್ನು ಅಳಿಸಬಾರದು. ಅದರ ಸುತ್ತ ಒಂದು ವೃತ್ತ ಹಾಕಿ, ಯಾಕೆ ತಪ್ಪಾಯಿತು ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಬೇಕು. ಅದಾದ ಮೇಲೆ ಸರಿಯಾದದ್ದನ್ನು ಬೇರೆ ಶೀಟಿನಲ್ಲಿ ಬರೆಯಬೇಕು.

ಮೊದಲ ಶನಿವಾರದ ಶೀಟಿನಲ್ಲಿ ವೃತ್ತಗಳೇ ಹೆಚ್ಚಿದ್ದವು.

ಅವಳು ಊರಿಗೆ ಹೋಗಿ ಅಂಕಪಟ್ಟಿಯನ್ನು ಅಬ್ಬಾನ ಕೈಗೆ ಕೊಟ್ಟಳು. ಅವರು ಬಡಗಿ. ಓದಿದ್ದು ಕಡಿಮೆ. "ಯಾವ ವಿಷಯ ಅದು?" ಎಂದು ಕೇಳಿದರು. ಅವಳು ಪುಸ್ತಕ ತೆರೆದು ಟ್ರೂ ಲೆಂಗ್ತ್ ಎಂಬ ಲೆಕ್ಕ ತೋರಿಸಿದಳು. ಎರಡೂ ಕಡೆಗೆ ಓರೆಯಾಗಿರುವ ಗೆರೆಯ ನಿಜವಾದ ಉದ್ದ ಕಂಡುಹಿಡಿಯುವುದು. ಅವರು ಸ್ವಲ್ಪ ಹೊತ್ತು ನೋಡಿ, ಸೀಮೆಸುಣ್ಣ ತಂದು ಅಂಗಳದ ಸಿಮೆಂಟಿನ ಮೇಲೆ ಗೆರೆ ಎಳೆದರು. ನಾಲ್ಕು ಕಡೆ ಇಳಿಜಾರು ಇರುವ ಹಂಚಿನ ಮಾಡಿಗೆ ಮೂಲೆಯಿಂದ ಒಂದು ತೊಲೆ ಇಳಿಯುತ್ತದಲ್ಲ, ಅದರ ಲೆಕ್ಕ ಅದು. ಆ ತೊಲೆ ಅಡ್ಡಕ್ಕೆ 6 ಅಡಿ, ಉದ್ದಕ್ಕೆ 6 ಅಡಿ ಹೋಗಿ 4 ಅಡಿ ಏರುತ್ತದೆ ಎನ್ನಿ. ಎದುರಿನಿಂದ ನೋಡಿದರೆ ಸುಮಾರು 7¼ ಅಡಿ ಕಾಣುತ್ತದೆ. ಮೇಲಿನಿಂದ ನೋಡಿದರೆ ಸುಮಾರು 8½ ಅಡಿ. ನಿಜವಾದ ಉದ್ದ ಎರಡೂ ಅಲ್ಲ. 9 ಅಡಿ ನಾಲ್ಕೂವರೆ ಇಂಚು. ಕಂಡ ಅಳತೆಗೆ ಮರ ಕೊಯ್ದರೆ ಮರವೂ ಹೋಯಿತು, ಕೂಲಿಯೂ ಹೋಯಿತು. "ತೊಲೆಯನ್ನು ಮನಸ್ಸಿನಲ್ಲೇ ತಿರುಗಿಸಿ ನೆಲಕ್ಕೆ ಮಲಗಿಸಬೇಕು, ಆಗ ನಿಜವಾದ ಉದ್ದ ಸಿಗುತ್ತದೆ" ಎಂದರು ಅವರು. ಪುಸ್ತಕದಲ್ಲಿದ್ದದ್ದೂ ಅದೇ. ಅವಳು ಆರು ತಿಂಗಳು ಕಲಿಯದ್ದನ್ನು ಅಂಗಳದಲ್ಲಿ ಅರ್ಧ ಗಂಟೆಯಲ್ಲಿ ಕಲಿತಳು. ಮದುವೆಯ ಮಾತಿಗೆ ಅವರು, "ಮೊದಲು ಈ ಪೇಪರ್ ಮುಗಿಯಲಿ, ಆಮೇಲೆ ಮೂರು ವರ್ಷವೂ ಮುಗಿಯಲಿ" ಎಂದು ಹೇಳಿ ಕಳಿಸಿದರು.

ಇದನ್ನು ಕೇಳಿ ಉಳಿದಿಬ್ಬರು ನಾವೂ ನಮ್ಮ ಮನೆಗಳನ್ನು ಬೇರೆ ಕಣ್ಣಿನಿಂದ ನೋಡಿದೆವು. ಶಿರಸಿಯವಳ ಅಮ್ಮಿ ಬಟ್ಟೆ ಹೊಲಿಯುತ್ತಾರೆ. ತೋಳು ದುಂಡಗಿರುತ್ತದೆ, ಬಟ್ಟೆ ಚಪ್ಪಟೆ. ಚಪ್ಪಟೆ ಬಟ್ಟೆಯ ಮೇಲ್ತುದಿಯನ್ನು ಬಾಗಿಸಿ ಕತ್ತರಿಸಿದರೆ ಮಾತ್ರ ತೋಳು ಭುಜಕ್ಕೆ ಕೂರುತ್ತದೆ. ಪೈಪಿನ ಓರೆ ಬಾಯಿಯನ್ನು ತಗಡಿನ ಮೇಲೆ ಬಿಡಿಸುವ ಲೆಕ್ಕವೂ ಇದೇ ಜಾತಿಯದು. ನಾವು ವೃತ್ತವನ್ನು 12 ಭಾಗ ಮಾಡಿ ಬಿಂದು ಬಿಂದು ಸೇರಿಸಿ ತರುವ ಬಾಗನ್ನು ಅಮ್ಮಿ ಕತ್ತರಿಯಿಂದ ಒಂದೇ ಬೀಸಿಗೆ ತರುತ್ತಾರೆ. ಯಲ್ಲಾಪುರದವಳ ಅಬ್ಬಾ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅರಬೈಲ್ ಘಟ್ಟ ಹತ್ತಿ ಬಂದ ಲಾರಿಗಳ ಗೇರ್ ಬಾಕ್ಸ್ ಬಿಚ್ಚುವುದು ಅವರಿಗೆ ದಿನದ ಕೆಲಸ. ಪುಸ್ತಕದಲ್ಲಿ ಕತ್ತರಿಸಿ ತೋರಿಸಿದ ಗೇರ್ ಬಾಕ್ಸಿನ ಚಿತ್ರ ನೋಡಿ ಅವರು, "ಶಾಫ್ಟ್ ಮಾತ್ರ ಯಾಕೆ ಕತ್ತರಿಸಿಲ್ಲ?" ಎಂದು ಕೇಳಿದರು. ಶಾಫ್ಟು, ಬೋಲ್ಟುಗಳನ್ನು ಉದ್ದಕ್ಕೆ ಕತ್ತರಿಸಿ ತೋರಿಸಬಾರದು ಎಂಬ ನಿಯಮ ನಾವು ಬಾಯಿಪಾಠ ಮಾಡಿದ್ದೆವು. ಯಾಕೆಂದು ಅವರೇ ಯೋಚಿಸಿ ಹೇಳಿದರು: "ಅದರ ಒಳಗೆ ನೋಡುವಂಥದ್ದು ಏನೂ ಇಲ್ಲವಲ್ಲ, ಪೂರ್ತಿ ಗಟ್ಟಿ."

ಸಿದ್ದಾಪುರದ ಹಳ್ಳಿಗಳಲ್ಲಿ ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿಯ ಬಿಳಿ ಬಣ್ಣದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಸಣ್ಣವರಿದ್ದಾಗ ಪಕ್ಕದ ಮನೆಯಲ್ಲಿ ಅದನ್ನು ನೋಡಿಯೂ ನೋಡದವರಂತೆ ಓಡಾಡಿದ್ದೆವು. ಈಗ ನೋಡಿದರೆ ಸ್ಕೇಲು, ಕಂಪಾಸು ಇಲ್ಲದೆ ಅಷ್ಟು ಸಮ ಅಂತರದ ಗೆರೆ ಹೇಗೆ ಬಂತು ಎಂದು ನಿಂತು ಕೇಳುತ್ತೇವೆ. ಕೇಳಿದರೆ ಅವರು ಸಂತೋಷದಿಂದ ಹೇಳುತ್ತಾರೆ. ವಿದ್ಯೆ ನಮ್ಮ ಸುತ್ತಲೇ ಇತ್ತು, ನಮ್ಮ ತಂದೆ ತಾಯಿಯ ಕೈಯಲ್ಲೇ ಇತ್ತು. ಅದನ್ನು ವಿದ್ಯೆ ಎಂದು ಗುರುತಿಸಿರಲಿಲ್ಲ. "ಅಬ್ಬಾ ಓದಿಲ್ಲ" ಎಂದು ಕಾಲೇಜಿನಲ್ಲಿ ಹೇಳಲು ನಾಚುತ್ತಿದ್ದ ನಾವು ಈಗ ಅವರಿಂದ ಏನು ಕಲಿತೆವೆಂದು ಹೇಳುತ್ತೇವೆ.

ಟ್ರಸ್ಟಿಗೂ ಪತ್ರ ಬರೆದೆವು. ಫೇಲಾದದ್ದನ್ನೂ, ಕಾರಣವನ್ನೂ ಮುಚ್ಚಿಡದೆ ಬರೆದು ಮೂವರೂ ಸಹಿ ಹಾಕಿದೆವು. ಸಮಿತಿಯವರು ಕರೆಸಿ ಮಾತಾಡಿ, ಒಂದು ಸೆಮಿಸ್ಟರ್ ಅವಕಾಶ ಕೊಟ್ಟರು, ಹಣ ನಿಲ್ಲಿಸಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅವಳು ಆ ಪೇಪರ್ ಪಾಸಾದಳು. ರ್‍ಯಾಂಕ್ ಏನೂ ಬರಲಿಲ್ಲ. ಆದರೆ ಶೀಟಿನ ಮೇಲಿನ ಪ್ರತಿ ಗೆರೆಯೂ ಅವಳದೇ.

ಆ ತರಗತಿಯಿಂದ ನಮ್ಮಲ್ಲಿ ಏನು ಬದಲಾಯಿತು? ಮೂರು ಮಾತಿನಲ್ಲಿ ಹೇಳುತ್ತೇವೆ. ಒಂದು, ಒಂದೇ ಕಡೆಯಿಂದ ನೋಡಿ ತೀರ್ಮಾನ ಮಾಡುವುದು ಕಡಿಮೆಯಾಯಿತು. ಎದುರಿನಿಂದ ಚೌಕ ಕಂಡದ್ದು ಮೇಲಿನಿಂದ ವೃತ್ತವಾಗಿರಬಹುದು. ಮನುಷ್ಯರ ವಿಷಯದಲ್ಲೂ ಈಗ ಸ್ವಲ್ಪ ತಡೆದು ನೋಡುತ್ತೇವೆ. ಎರಡು, ತಿಳಿಯದಿದ್ದರೆ ಎದ್ದು ಕೇಳುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನಾವು ಈಗ ಮುಂದೆ ಕೂರುತ್ತೇವೆ. ಮೂರು, ತಪ್ಪನ್ನು ಬಚ್ಚಿಡುವುದಿಲ್ಲ. ಪೆನ್ಸಿಲಿನ ತಪ್ಪು ರಬ್ಬರಿನಲ್ಲಿ ಹೋಗುತ್ತದೆ. ಅದೇ ತಪ್ಪು ಕಟ್ಟಡಕ್ಕೆ ಹೋದರೆ ಗೋಡೆ ಒಡೆಯಬೇಕು. ಅಂಕಪಟ್ಟಿಯನ್ನು ಮೂರು ವಾರದ ಬದಲು ಮೂರು ವರ್ಷ ಬಚ್ಚಿಟ್ಟಿದ್ದರೆ ನಮ್ಮ ಗೆಳತಿ ಇಂದು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ.

ಟ್ರಸ್ಟಿನ ಹಿರಿಯರಲ್ಲಿ ಎರಡು ವಿನಂತಿ.

ಮೊದಲನೆಯದು, ಒಂದು ವಿಷಯದಲ್ಲಿ ಫೇಲಾದ ಮಕ್ಕಳ ವೇತನವನ್ನು ಕೂಡಲೇ ನಿಲ್ಲಿಸದೆ, ನಮ್ಮ ಗೆಳತಿಗೆ ಕೊಟ್ಟಂತೆ ಒಂದು ಸೆಮಿಸ್ಟರ್ ಅವಕಾಶ ಕೊಡುವುದನ್ನು ನಿಯಮವಾಗಿಯೇ ಬರೆದಿಡಬೇಕು. ಅವಕಾಶ ಇದೆಯೆಂದು ಗೊತ್ತಿದ್ದರೆ ಮಕ್ಕಳು ಅಂಕಪಟ್ಟಿಯನ್ನು ಟ್ರಂಕಿನ ತಳದಲ್ಲಿ ಇಡುವುದಿಲ್ಲ, ತಂದು ತೋರಿಸುತ್ತಾರೆ. ಹೆಣ್ಣುಮಕ್ಕಳಿಗಂತೂ ನಿಂತ ಓದು ಮತ್ತೆ ಶುರುವಾಗುವುದು ಅಪರೂಪ.

ಎರಡನೆಯದು, ಡ್ರಾಫ್ಟರ್, ಕಂಪಾಸ್ ಪೆಟ್ಟಿಗೆ, ಕ್ಯಾಲ್ಕುಲೇಟರ್, ಪಠ್ಯಪುಸ್ತಕ ಇವನ್ನು ಓದು ಮುಗಿದವರಿಂದ ವಾಪಸು ಪಡೆದು ಹೊಸಬರಿಗೆ ಕೊಡುವ ಒಂದು ಕಪಾಟನ್ನು ಟ್ರಸ್ಟಿನ ಕಚೇರಿಯಲ್ಲಿ ಇಡಬೇಕು. ಡ್ರಾಫ್ಟರ್ ಒಂದು ಸೆಮಿಸ್ಟರ್ ಬಳಸಿದರೆ ಸವೆಯುವ ವಸ್ತುವಲ್ಲ. ಡಿಪ್ಲೊಮಾ, ಐ.ಟಿ.ಐ. ಸೇರುವ ಮಕ್ಕಳ ಮೊದಲ ತಿಂಗಳ ಖರ್ಚಿನಲ್ಲಿ ಅಷ್ಟಾದರೂ ಉಳಿಯುತ್ತದೆ. ಈ ಕಪಾಟಿಗೆ ಮೊದಲ ವಸ್ತುಗಳಾಗಿ ನಮ್ಮ ಮೂರು ಡ್ರಾಫ್ಟರುಗಳನ್ನು ತಂದಿದ್ದೇವೆ. ಒರೆಸಿ, ಸ್ಕ್ರೂ ಬಿಗಿ ಮಾಡಿ, ಇದೋ ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇವೆ. ಒಂದರ ಸ್ಕೇಲಿನ ತುದಿ ಸ್ವಲ್ಪ ಮುಕ್ಕಾಗಿದೆ. ಯಾವುದೆಂದು ಚೀಟಿ ಅಂಟಿಸಿದ್ದೇವೆ.

ಹೊಸದಾಗಿ ಅರ್ಜಿ ಹಾಕುವ ತಮ್ಮ ತಂಗಿಯರಿಗೆ ಒಂದು ಮಾತು. ಅರ್ಜಿಯಲ್ಲಿ ನಿಜವನ್ನೇ ಬರೆಯಿರಿ. ತಂದೆಯ ಕೆಲಸದ ಜಾಗದಲ್ಲಿ ಬಡಗಿ, ದರ್ಜಿ, ಡ್ರೈವರ್, ಕೂಲಿ ಎಂದು ಬರೆಯಲು ಸಂಕೋಚಪಡಬೇಡಿ. ನಿಮಗೆ ಕಷ್ಟವಾಗುವ ವಿಷಯ ಯಾವುದೆಂದು ಸಂದರ್ಶನದಲ್ಲಿ ಕೇಳಿದರೆ ಹೇಳಿ. ಡ್ರಾಯಿಂಗ್ ಅರ್ಥವಾಗದಿದ್ದರೆ ನಮ್ಮನ್ನು ಕೇಳಿ. ರಜೆಯ ದಿನಗಳಲ್ಲಿ ಮೂರೂ ಊರಿನಲ್ಲಿ ನಾವು ಸಿಗುತ್ತೇವೆ. ಎಷ್ಟು ಸಲ ಬೇಕಾದರೂ ಹೇಳಿಕೊಡುತ್ತೇವೆ. ಶೀಟು ಮಾತ್ರ ಕೊಡುವುದಿಲ್ಲ.